ಸಾವಿನ ಎಣಿಕೆಯ ಜೊತೆಗೆ ಜನಸಂಖ್ಯೆಯೂ ಇರಲಿ

ಮಾನ್ಯ ಸಂಪಾದಕರೇ,

ಮೂವತ್ತು–ನಲವತ್ತರ ಪ್ರಾಯದವರು ಯಾರಾದರೂ ದಿಢೀರನೆ ಕುಸಿದು ತೀರಿಕೊಂಡರೆ ಸಾಕು, 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸತ್ತವರದೆಂದು ಹಬ್ಬಿದ ಪಟ್ಟಿ ಮತ್ತೆ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಅದರ ಬಾಲಕ್ಕೆ ಶನಿವಾರಸಂತೆಯದೋ ಕುಶಾಲನಗರದ್ದೋ ಒಂದು ಹೆಸರು ಹೊಸದಾಗಿ ಅಂಟಿರುತ್ತದೆ. ಮಾರನೆಯ ದಿನ ಯಾವ ತೊಂದರೆಯೂ ಇಲ್ಲದವರು ‘ಒಮ್ಮೆ ಚೆಕ್ ಮಾಡಿಸಿಬಿಡೋಣ’ ಎಂದು ಮೈಸೂರಿಗೆ ಹೊರಡುತ್ತಾರೆ. ವಾಟ್ಸ್‌ಆ್ಯಪ್ ಹಾಗಿರಲಿ, ಪತ್ರಿಕೆಗಳೂ ‘ಇಂದು ಇನ್ನಿಬ್ಬರು, ಒಟ್ಟು ಇಷ್ಟು’ ಎಂದು ಕ್ರಿಕೆಟ್ ಸ್ಕೋರಿನಂತೆ ಬರೆದವು. ಎಷ್ಟು ಜನರ ಪೈಕಿ, ಹಿಂದಿನ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು, ಹೃದಯಾಘಾತವೆಂದು ಹೇಳಿದವರು ಯಾರು ಎಂಬುದು ಮಾತ್ರ ಹೆಚ್ಚಿನ ವರದಿಗಳಲ್ಲಿ ಇರಲೇ ಇಲ್ಲ.

ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಸಾವು ಎಂಬುದು ಆಗಿನ ಸುದ್ದಿ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ವರ್ಷಕ್ಕೆ ಸಾವಿರ ಜನರಿಗೆ 6 ಸಾವು ಎಂದು ಹಿಡಿಯೋಣ, ರಾಜ್ಯದ ಪ್ರಮಾಣ ಅದರ ಆಸುಪಾಸಿನಲ್ಲೇ ಇದೆ. ವರ್ಷಕ್ಕೆ ಸುಮಾರು 10,600 ಆಯಿತು. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಸಾವಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆ ಕಾರಣ, ಪಾರ್ಶ್ವವಾಯುವೂ ಇದರಲ್ಲಿ ಸೇರಿದೆ. ಹಾಗಾದರೆ ಹಾಸನದಲ್ಲಿ ಇಂಥ ಸಾವು ವರ್ಷಕ್ಕೆ 2,650. ಅದನ್ನು 40 ದಿನಕ್ಕೆ ಇಳಿಸಿದರೆ 290. ಇದೇ ಲೆಕ್ಕ 5.54 ಲಕ್ಷ ಜನರಿರುವ ನಮ್ಮ ಕೊಡಗಿಗೆ 40 ದಿನಕ್ಕೆ 90ರಷ್ಟಾಗುತ್ತದೆ, ಯಾವ ಹೊಸ ಕಾಯಿಲೆಯೂ ಬಾರದ ವರ್ಷದಲ್ಲಿ.

ಇದು ಎಲ್ಲ ಪ್ರಾಯದವರ ಲೆಕ್ಕ, ಭಯ ಇರುವುದು ಚಿಕ್ಕ ಪ್ರಾಯದವರ ಸಾವಿನ ಬಗ್ಗೆ ಎನ್ನಬಹುದು. ಆಕ್ಷೇಪ ಸರಿಯೇ. ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಭಾರತೀಯರಿಗೆ ಹೃದಯಾಘಾತ ಆಗುತ್ತದೆ ಎಂಬುದು ಹಳೆಯ, ಗಟ್ಟಿಯಾದ ಮಾಹಿತಿ. ಆದರೆ ‘ಇದೆ’ ಎನ್ನುವುದಕ್ಕೂ ‘ಈಗ ಏರಿದೆ’ ಎನ್ನುವುದಕ್ಕೂ ಬೇರೆ ಬೇರೆ ಪುರಾವೆ ಬೇಕು. ಏರಿದೆ ಎನ್ನಲು 45ರ ಒಳಗಿನವರ ಸಾವನ್ನು ಕಳೆದ ಮೂರ್ನಾಲ್ಕು ವರ್ಷಗಳ ಅದೇ ತಿಂಗಳುಗಳ ಪಕ್ಕಕ್ಕಿಟ್ಟು ನೋಡಬೇಕು. ಪ್ರದೇಶ ಚಿಕ್ಕದಾದಷ್ಟೂ ಮೋಸ ಹೆಚ್ಚು. 20 ಸಾವಿರ ಜನರ ಹೋಬಳಿಯಲ್ಲಿ ತಿಂಗಳಿಗೆ ಸರಾಸರಿ 10 ಸಾವಾಗುವುದಾದರೆ, ವಿಶೇಷ ಕಾರಣ ಏನೂ ಇಲ್ಲದೆ ಒಂದು ತಿಂಗಳು 5, ಇನ್ನೊಂದು ತಿಂಗಳು 15 ಆಗಬಹುದು. ಆ 15ರ ತಿಂಗಳೇ ಸುದ್ದಿಯಾಗುತ್ತದೆ, 5ರ ತಿಂಗಳನ್ನು ಯಾರೂ ಬರೆಯುವುದಿಲ್ಲ.

ಕಾರಣ ದಾಖಲಾಗುವ ರೀತಿಯಲ್ಲೂ ತೊಡಕಿದೆ. ವೈದ್ಯರು ಸಾವಿನ ಕಾರಣ ಬರೆದುಕೊಡುವ ಪ್ರಮಾಣಪತ್ರ ಆಸ್ಪತ್ರೆಯಲ್ಲಿ ಸತ್ತರೆ ನಮೂನೆ 4, ಹೊರಗೆ ಸತ್ತರೆ ನಮೂನೆ 4ಎ. ಮೊದಲ ಭಾಗದ ಎ ಸಾಲಿನಲ್ಲಿ ತಕ್ಷಣದ ಕಾರಣ, ಬಿ ಮತ್ತು ಸಿ ಸಾಲುಗಳಲ್ಲಿ ಅದಕ್ಕೆ ಮೂಲವಾದ ಕಾಯಿಲೆ, ಪಕ್ಕದಲ್ಲಿ ಅದು ಎಷ್ಟು ಕಾಲದಿಂದ ಇತ್ತು ಎಂದು ಬರೆಯಬೇಕು. ಎಷ್ಟೋ ಕಡೆ ಎ ಸಾಲಿನಲ್ಲಿ ‘ಹೃದಯಸ್ತಂಭನ’ ಎಂದು ಬರೆದು ಕೆಳಗಿನದನ್ನು ಖಾಲಿ ಬಿಡುತ್ತಾರೆ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ, ಅದು ಕಾರಣವಲ್ಲ. ಮನೆಯಲ್ಲಿ ಸತ್ತು, ಶವಪರೀಕ್ಷೆ ಮಾಡದೆ ಸಂಸ್ಕಾರ ಮುಗಿದರೆ ಉಳಿಯುವುದು ನೆರೆಹೊರೆಯವರ ಅಂದಾಜು ಮಾತ್ರ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಹಾಸನದ 24 ಸಾವುಗಳನ್ನು ಪರಿಶೀಲಿಸಿದಾಗ ನಾಲ್ಕು ಸಾವುಗಳಿಗೆ ಅಪಘಾತ, ಮೂತ್ರಪಿಂಡದ ಕಾಯಿಲೆಯಂಥ ಬೇರೆ ಕಾರಣಗಳಿದ್ದವು. ಉಳಿದವುಗಳಲ್ಲೂ ಕೆಲವನ್ನು ‘ಹೃದಯಾಘಾತ ಇರಬಹುದು’ ಎಂದಷ್ಟೇ ಹೇಳಲು ಸಾಧ್ಯವಾಯಿತು. ಪಟ್ಟಿಯಲ್ಲಿ ಮಾತ್ರ ಎಲ್ಲವೂ ಒಂದೇ ಬಣ್ಣ.

ಕೊಡಗಿನ ಮಟ್ಟಿಗೆ ಇನ್ನೊಂದು ತೊಂದರೆ. ಸಾವು ನೋಂದಣಿಯಾಗುವುದು ಸಾವು ನಡೆದ ಜಾಗದಲ್ಲಿ. ವಿರಾಜಪೇಟೆಯವರು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಆ ದಾಖಲೆ ಮೈಸೂರಿನದು. ಆದ್ದರಿಂದ ನಮ್ಮ ಜಿಲ್ಲೆಯ ಪುಸ್ತಕ ಮಾತ್ರ ನೋಡಿ ‘ಏರಿಲ್ಲ’ ಎನ್ನುವುದೂ ಅಷ್ಟೇ ತಪ್ಪು. ವಾಸದ ವಿಳಾಸ ಹಿಡಿದು ಎರಡೂ ಕಡೆಯದನ್ನು ಕೂಡಿಸಬೇಕು.

ಇನ್ನು ಈ ಸಾವುಗಳಿಗೆ ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18ರಿಂದ 45ರ ಪ್ರಾಯದ, ಹಠಾತ್ತನೆ ಸತ್ತ 729 ಜನರನ್ನು ತೆಗೆದುಕೊಂಡು, ಅದೇ ಪ್ರಾಯದ, ಅದೇ ಲಿಂಗದ, ಅದೇ ನೆರೆಹೊರೆಯ 2,916 ಜನರೊಂದಿಗೆ ಹೋಲಿಸಿದರು. ‘ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರು’ ಎಂಬ ಮಾತಿಗೆ ಇದೇ ಮದ್ದು. ಬದುಕಿರುವವರಲ್ಲಿ ಎಷ್ಟು ಜನ ಹಾಕಿಸಿಕೊಂಡಿದ್ದಾರೆ ಎಂದು ಕೇಳದೆ ಅದಕ್ಕೆ ಅರ್ಥವಿಲ್ಲ. ಎರಡು ಡೋಸ್ ಪಡೆದವರಲ್ಲಿ ಹಠಾತ್ ಸಾವಿನ ಸಾಧ್ಯತೆ ಕಡಿಮೆಯಿತ್ತು. ಹೆಚ್ಚಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ವಿಪರೀತ ಕುಡಿದಿದ್ದವರಲ್ಲಿ ಅಥವಾ ಮೈಮುರಿಯುವ ಶ್ರಮ ಮಾಡಿದ್ದವರಲ್ಲಿ. ಸತ್ತವರ ವಿವರವನ್ನು ಮನೆಯವರಿಂದ ಕೇಳಿ ಪಡೆಯಬೇಕಾಗಿದ್ದುದು ಈ ಅಧ್ಯಯನದ ಮಿತಿ. ಕುಡಿತದ ಅಂಶ ನಮ್ಮ ಜಿಲ್ಲೆಯ ಮದುವೆ ಮನೆಗಳಲ್ಲಿ ಯಾಕೆ ಚರ್ಚೆಯಾಗುವುದಿಲ್ಲ ಎಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ತೊಂದರೆ ಇಲ್ಲದವರು ಭಯಕ್ಕೆ, ಯಂತ್ರದ ಮೇಲೆ ನಡೆಸುತ್ತಾ ಇಸಿಜಿ ನೋಡುವ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರೆ ಏನಾಗುತ್ತದೆ? ಕಾಯಿಲೆ ಇರುವವರಲ್ಲಿ ಅದು ನೂರಕ್ಕೆ ಸುಮಾರು 68 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 23 ಜನರಿಗೆ ಸುಳ್ಳೇ ‘ಇದೆ’ ಎನ್ನುತ್ತದೆ. ಸಾವಿರ ಯುವಕರಲ್ಲಿ 10 ಮಂದಿಗೆ ನಿಜವಾಗಿ ರಕ್ತನಾಳ ಕಟ್ಟಿದೆ ಎನ್ನಿ. ಪರೀಕ್ಷೆ 7 ಜನರನ್ನು ಹಿಡಿಯುತ್ತದೆ, ಜೊತೆಗೆ ಆರೋಗ್ಯವಂತರಾದ 228 ಜನರನ್ನೂ ಹಿಡಿಯುತ್ತದೆ. ಅಷ್ಟೂ ಜನರಿಗೆ ನಿದ್ದೆಗೇಡು, ಕೆಲವರಿಗೆ ಹೃದಯದ ರಕ್ತನಾಳದ ಚಿತ್ರ ತೆಗೆಯುವ ಆಂಜಿಯೋಗ್ರಾಂ, ಅದೂ ಬೇಡದ್ದು. ಅತ್ತ ಇಸಿಜಿಯದ್ದು ಉಲ್ಟಾ ಸಮಸ್ಯೆ. ನಿನ್ನೆಯ ನಾರ್ಮಲ್ ಇಸಿಜಿ ಇವತ್ತಿನ ಎದೆನೋವಿಗೆ ಏನೂ ಹೇಳುವುದಿಲ್ಲ. ದುಡ್ಡು ಖರ್ಚು ಮಾಡಲೇಬೇಕಿದ್ದರೆ ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ, ಬೀಡಿ–ಸಿಗರೇಟು ಬಿಡಿ.

ನಿಜವಾಗಿ ಜೀವ ಹೋಗುವುದು ಬೇರೆ ಕಡೆ. ಎದೆಯ ನಡುವೆ ಒತ್ತಿದಂಥ ನೋವು 15–20 ನಿಮಿಷ ಬಿಡದೆ ಇದ್ದು, ತೋಳಿಗೋ ದವಡೆಗೋ ಬೆನ್ನಿಗೋ ಹರಡಿ, ಬೆವರು ಕಿತ್ತು ಬರುತ್ತಿದ್ದರೂ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಇರಬಹುದು. ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂಬ ಸಂದೇಶ ಶುದ್ಧ ಸುಳ್ಳು. ನಾಲಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ವೈದ್ಯರು ಬರೆದುಕೊಡದವರು ತೆಗೆದುಕೊಂಡರೆ ಬಿ.ಪಿ. ಕುಸಿಯುವ ಅಪಾಯವಿದೆ. 108ಕ್ಕೆ ಕರೆ ಮಾಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರು 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಬಹುದು.

ಎರಡನೆಯ ದೊಡ್ಡ ತಪ್ಪು, ನೋವು ಬಂದವರನ್ನು ಕಾರಿನಲ್ಲಿ ಹಾಕಿಕೊಂಡು ನೇರ ಮೈಸೂರಿಗೆ ಹೊರಡುವುದು. ಮಡಿಕೇರಿಯಿಂದ ಸುಮಾರು 120 ಕಿ.ಮೀ., ಮಳೆಗಾಲದಲ್ಲಿ ಮರ ಬಿದ್ದರೆ ಕೇಳುವುದೇ ಬೇಡ. ಹತ್ತಿರದ ಆಸ್ಪತ್ರೆಯಲ್ಲಿ ಹೋದ 10 ನಿಮಿಷದೊಳಗೆ ಇಸಿಜಿ ಆಗಬೇಕು. ನೋವಿದ್ದೂ ಅದು ನಾರ್ಮಲ್ ಬಂದರೆ 15–30 ನಿಮಿಷ ಬಿಟ್ಟು ಮತ್ತೆ ತೆಗೆಸಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ಹೇಳುವ ಟ್ರೋಪೋನಿನ್ ರಕ್ತಪರೀಕ್ಷೆಯೂ ಮೊದಲ ಗಂಟೆಗಳಲ್ಲಿ ಏನೂ ತೋರಿಸದಿರಬಹುದು, ಅದನ್ನೂ ಮತ್ತೊಮ್ಮೆ ಮಾಡಬೇಕು. ಇಸಿಜಿಯಲ್ಲಿ ಎಸ್‌ಟಿ ಭಾಗ ಮೇಲೆದ್ದಿದ್ದು (ಹೃದಯದ ರಕ್ತನಾಳ ಪೂರ್ತಿ ಕಟ್ಟಿರುವ ಸೂಚನೆ), ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಕಟ್ಟಿದ ರಕ್ತನಾಳ ಬಿಡಿಸುವ ಚಿಕಿತ್ಸೆ) ಸಿಗದ ಊರಾದರೆ, ರಕ್ತಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಕೊಟ್ಟು ಆಮೇಲೆ ಮುಂದಕ್ಕೆ ಕಳಿಸುವುದು ನಿಯಮ. ತೂಕಕ್ಕೆ ತಕ್ಕಂತೆ 30ರಿಂದ 50 ಮಿ.ಗ್ರಾಂ, ಒಂದೇ ಸಲ ರಕ್ತನಾಳಕ್ಕೆ. ಮೊದಲ ಗಂಟೆಯಲ್ಲಿ ಕೊಟ್ಟರೆ ಲಾಭ ಹೆಚ್ಚು, 12 ಗಂಟೆ ದಾಟಿದರೆ ಹೆಚ್ಚೇನೂ ಇಲ್ಲ. ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆದವರಿಗೆ ಕೊಡುವಂತಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಇದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಬೇಕು.

ಪತ್ರಿಕೆಗೆ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಸಾವಿನ ಸಂಖ್ಯೆ ಹಾಕುವಾಗ ಹಿಂದಿನ ವರ್ಷದ ಸಂಖ್ಯೆ ಮತ್ತು ಕಾರಣ ದೃಢಪಡಿಸಿದವರು ಯಾರೆಂಬುದನ್ನೂ ಹಾಕಿ. ಜೊತೆಗೆ ನಿಮ್ಮ ವರದಿಗಾರರನ್ನು ಸೋಮವಾರಪೇಟೆ, ಕುಶಾಲನಗರ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಆಸ್ಪತ್ರೆಗಳಿಗೆ ಕಳಿಸಿ, ಆ ಚುಚ್ಚುಮದ್ದು ಇವತ್ತು ದಾಸ್ತಾನಿದೆಯೇ, ಭಾನುವಾರ ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯುವವರು ಯಾರು, ಓದುವವರು ಯಾರು ಎಂದು ಕೇಳಿ ಪ್ರಕಟಿಸಿ.

— ಓದುಗ, ಸೋಮವಾರಪೇಟೆ