ಆ ಪುಡಿಗೆ ಕಲಬುರಗಿ ಬಿಸಿಲೂ ಸಾಲದು

ಸಂಪಾದಕರಿಗೆ ನಮಸ್ಕಾರ.

ಹೈಡ್ರೋಜನ್ ಹೀರಿಕೊಂಡ ಮೆಗ್ನೀಸಿಯಂ ಪುಡಿಯ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಬಿಸಿಲಿಗಿಟ್ಟರೂ ಗ್ಯಾಸ್ ಬಿಡುತ್ತದೆ, ಬೆಂಕಿಯ ಭಯವಿಲ್ಲ ಎಂದಿತ್ತು. ಎರಡೂ ತಪ್ಪು.

ನಾನು ವಾಡಿಯಲ್ಲಿ ಸಿಮೆಂಟ್ ಮಿಲ್ ಓಡಿಸುತ್ತಾ 31 ವರ್ಷ ಕಳೆದವನು. ಮಿಲ್ಲಿನೊಳಗೆ ಅರೆಯುವ ಉಕ್ಕಿನ ಗುಂಡುಗಳ ಸದ್ದು ಕೇಳಿಯೇ ಕ್ಲಿಂಕರ್ (ಅರೆದರೆ ಸಿಮೆಂಟ್ ಆಗುವ ಸುಟ್ಟ ಗಟ್ಟಿ) ಜಾಸ್ತಿಯಾಯಿತೋ ಕಮ್ಮಿಯಾಯಿತೋ ಹೇಳುತ್ತಿದ್ದೆ. ಈಗ ಮಗಳು ಇದೇ ಮೆಗ್ನೀಸಿಯಂ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಗುಂಡುಗಳಿಂದಲೇ ಪುಡಿ ಅರೆಯುವ ಅವಳ ಬಾಲ್ ಮಿಲ್ ನೋಡಿ ಮೊದಲು ನಕ್ಕಿದ್ದೆ. ಉಪ್ಪಿನಕಾಯಿ ಭರಣಿಗಿಂತ ಚಿಕ್ಕ ಉಕ್ಕಿನ ಜಾಡಿ! ಆದರೆ ನಮ್ಮ ಮಿಲ್ಲನ್ನು ಮಿತಿಮೀರಿ ತಿರುಗಿಸಿದರೆ ಗುಂಡುಗಳು ಗೋಡೆಗೆ ಅಂಟಿಕೊಂಡು ಬೀಳುವುದೇ ಇಲ್ಲ. ಅವಳದರಲ್ಲಿ ತಟ್ಟೆ ಒಂದು ಕಡೆ ತಿರುಗಿದರೆ ಅದರ ಮೇಲಿನ ಜಾಡಿ ಎದುರು ಕಡೆ ತಿರುಗುತ್ತದೆ, ನಿಮಿಷಕ್ಕೆ ನೂರಾರು ಸುತ್ತು. ಗುಂಡುಗಳು ಗೋಡೆ ಬಿಟ್ಟು ಹಾರಿ ಬಡಿಯುತ್ತವೆ. ಜಾಡಿಯೊಳಗೆ ಗಾಳಿ ಇಲ್ಲ, ಒತ್ತಿ ತುಂಬಿದ ಹೈಡ್ರೋಜನ್.

ಮೆಗ್ನೀಸಿಯಂ ಮೇಲಿನ ಆಕ್ಸೈಡ್ ಪೊರೆ ಹೈಡ್ರೋಜನ್ನನ್ನು ತಡೆಯುತ್ತದೆ. ಏಟು ಬಿದ್ದಾಗ ಪೊರೆ ಒಡೆದು ಹೊಸ ಲೋಹ ಹೊರಬೀಳುತ್ತದೆ, ಅದು ಗ್ಯಾಸ್ ಹೀರುತ್ತದೆ. ಮೊದಮೊದಲು ಮೆತ್ತಗಿನ ಲೋಹ ಗುಂಡಿಗೇ ಮೆತ್ತಿಕೊಳ್ಳುತ್ತದಂತೆ. ಹೈಡ್ರೋಜನ್ ಸೇರಿ ಹೈಡ್ರೈಡ್ ಎಂಬ ಸಂಯುಕ್ತ ಆಗುತ್ತಾ ಬಂದಂತೆ ಪೆಡಸಾಗಿ ಚೆನ್ನಾಗಿ ನುರಿಯುತ್ತದೆ. ಗುಂಡು ಸವೆದು ಕಬ್ಬಿಣವೂ ಸೇರುತ್ತದೆ. ಆ ಗೋಳು ನಮಗೂ ಇತ್ತು! ಪೂರ್ತಿ ಹೈಡ್ರೈಡ್ ಆದರೆ 100 ಗ್ರಾಂನಲ್ಲಿ 7.6 ಗ್ರಾಂ ಹೈಡ್ರೋಜನ್.

ಅರೆದರೆ ಗ್ಯಾಸ್ ಬೇಗ ಬರುತ್ತದೆ, ನಿಜ. ಹಾಗಂತ ಲೋಹದ ಹಿಡಿತ ಅಷ್ಟೇನೂ ಸಡಿಲವಾಗುವುದಿಲ್ಲ. ಮಾಮೂಲಿ ಒತ್ತಡದಲ್ಲಿ ಬಿಡಿಸಲು ಹತ್ತಿರ ಹತ್ತಿರ 300 ಡಿಗ್ರಿ ಬೇಕು. ಮೇ ತಿಂಗಳ ಕಲಬುರಗಿ ಬಿಸಿಲಿಗೂ ಅದು ಜಗ್ಗುವುದಿಲ್ಲ. ಕೋಣೆಯ ಬಿಸಿಗೇ ಗ್ಯಾಸ್ ಬಿಡುವುದು ಲ್ಯಾಂಥನಮ್-ನಿಕಲ್ ಮಿಶ್ರಲೋಹ. ಅದರಲ್ಲಿ 100 ಗ್ರಾಂಗೆ ಸಿಗುವುದು ಸುಮಾರು 1.4 ಗ್ರಾಂ ಅಷ್ಟೇ. ಬರೆದವರು ಎರಡನ್ನೂ ಕಲಸಿಬಿಟ್ಟರೇನೋ.

ಬೆಂಕಿಯ ವಿಷಯ ಕೇಳಿ. ಜಾಡಿಯನ್ನು ಆರ್ಗಾನ್ (ಪುಡಿಯ ಜೊತೆ ಸೇರದ ಗ್ಯಾಸ್) ತುಂಬಿದ ಪೆಟ್ಟಿಗೆಯೊಳಗೆ ಕೈ ಹಾಕಿ ಬಿಚ್ಚಬೇಕು. ಮಗಳ ಜೊತೆಗಿನ ಹುಡುಗನೊಬ್ಬ ಅವಸರಕ್ಕೆ ಹೊರಗೇ ಮುಚ್ಚಳ ತೆಗೆದ. ಗಾಳಿ ತಾಗಿದ್ದೇ ತಡ, ಪುಡಿ ಹೊತ್ತಿಕೊಂಡಿತು. ಇನ್ನೊಬ್ಬ ನೀರಿನ ಬಾಟಲಿ ಎತ್ತಿದ್ದ, ಇವಳು ಕಿತ್ತುಕೊಂಡಳು. ನೀರು ಬಿದ್ದರೆ ಇನ್ನಷ್ಟು ಹೈಡ್ರೋಜನ್ ಹುಟ್ಟುತ್ತದೆ. ಒಣ ಮರಳು ಸುರಿದು ಆರಿಸಿದರು. ಹುಡುಗನ ಹುಬ್ಬು ಸುಟ್ಟಿತ್ತು, ಕಣ್ಣು ಉಳಿಯಿತು.

ನಿಮ್ಮ ಬರಹದ ಕೊನೆಯಲ್ಲಿ, ಶಾಲೆಯ ಮಕ್ಕಳೂ ಇದನ್ನು ಮಾಡಿ ನೋಡಬಹುದು ಎಂದಿದೆ. ಉಳಿದದ್ದು ಹೇಗೋ ಇರಲಿ, ಆ ಸಾಲನ್ನು ಮಾತ್ರ ನಾಳೆಯೇ ತಿದ್ದಿ ಹಾಕಿ.

– ನಿವೃತ್ತ ಮಿಲ್ ಆಪರೇಟರ್, ವಾಡಿ, ಕಲಬುರಗಿ ಜಿಲ್ಲೆ