ಜಡ್ಡಿಯ ಕೆಸರಿಗೆ ನನ್ನ ಜೊತೆ ಇಳಿದವರಿಗೆ

ಕಳೆದ ವಾರ, ಕಾಡಿನ ಜಡ್ಡಿಗಳ (ಜೌಗು ನೆಲಗಳ) ಮೇಲಿನ ನನ್ನ ಪಿಎಚ್‌ಡಿ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ನಾನು "ಡಾಕ್ಟರ್" ಆದೆ ಅಂತ ಊರಿನಲ್ಲಿ ಸುದ್ದಿ ಹಬ್ಬಿದ ಮರುದಿನವೇ ಒಬ್ಬರು ಫೋನ್ ಮಾಡಿ ಮಂಡಿನೋವಿಗೆ ಮಾತ್ರೆ ಕೇಳಿದರು. ನನಗೆ ಗೊತ್ತಿರುವುದು ಮರದ ಮಂಡಿ ಮಾತ್ರ ಮಾವ, ನಿಮ್ಮದು ಗೊತ್ತಿಲ್ಲ ಅಂದೆ.

ತೀಸಿಸಿನ ಮೊದಲ ಪುಟದಲ್ಲಿ ಎಲ್ಲರಿಗೂ ಧನ್ಯವಾದ ಹೇಳಿದ್ದೇನೆ, ಆದರೆ ಇಂಗ್ಲಿಷಿನಲ್ಲಿ. ಯಾರಿಗೆ ಹೇಳಬೇಕಿತ್ತೋ ಅವರಲ್ಲಿ ಹೆಚ್ಚಿನವರು ಅದನ್ನು ತೆರೆದು ನೋಡುವುದೇ ಇಲ್ಲ. ಅದಕ್ಕೇ ಈ ಬರಹ.

ನಮ್ಮದು ಸಿದ್ದಾಪುರ ತಾಲ್ಲೂಕಿನ ಅಡಿಕೆ ತೋಟದ ಮನೆ. ತೋಟಕ್ಕೆ ನೀರು ಮೇಲಿನ ಕಾಡಿನ ಹಳ್ಳದಿಂದ ಪೈಪಿನಲ್ಲಿ ಬರುತ್ತದೆ. ಗೊಬ್ಬರಕ್ಕೆ ಸೊಪ್ಪು, ದರಕು (ಒಣ ಎಲೆ) ಎಲ್ಲ ಬೆಟ್ಟದಿಂದ. ನಾನು ಓದಿದ್ದು ಅದೇ ಹಳ್ಳದ ತಲೆಯಲ್ಲಿ ಸಿಗುವಂಥ ರಾಮಪತ್ರೆ ಜಡ್ಡಿಗಳನ್ನು, ಅಂದರೆ ಜಾಯಿಕಾಯಿಯ ಕಾಡು ಬಂಧುಗಳಾದ ರಾಮಪತ್ರೆ ಮರಗಳು ಬೆಳೆಯುವ ಜೌಗು ಕಾಡುಗಳನ್ನು. ಜೋಗದಿಂದ ಹೊನ್ನಾವರಕ್ಕೆ ಹೋಗುವವರು ಇಂಥ ಜಡ್ಡಿಗಳಿರುವ ಕತ್ತಲೆಕಾನು ಕಾಡಿನ ಪಕ್ಕದಲ್ಲೇ ಹಾದು ಹೋಗುತ್ತಾರೆ. ಗಾಡಿ ನಿಲ್ಲಿಸುವುದು ಮಾತ್ರ ಮಂಗಗಳ ಫೋಟೋಕ್ಕೆ!

ವರ್ಷದ ಬಹುಪಾಲು ನೀರು ನಿಂತಿರುವ, ಇಲ್ಲವೇ ಮೆಲ್ಲಗೆ ಹರಿಯುವ ಕಾಡು ಇದು. ಕೆಸರಿನೊಳಗೆ ಬೇರಿಗೆ ಗಾಳಿ ಸಿಗುವುದಿಲ್ಲ. ಹಾಗಾಗಿ ಇಲ್ಲಿನ ಮರಗಳ ಬೇರು ಮಂಡಿ ಮಡಚಿದ ಹಾಗೆ ಮಣ್ಣಿನಿಂದ ಮೇಲೆದ್ದು ಉಸಿರಾಡುತ್ತದೆ. ಕೆಲವು ಮರಗಳಿಗೆ ಕಾಂಡದಿಂದಲೇ ಊರುಗೋಲಿನಂಥ ಬೇರುಗಳು ಇಳಿಯುತ್ತವೆ. ಇಂಥ ಕಾಡುಗಳನ್ನು ವಿಜ್ಞಾನಿಗಳು ತಿರುವಾಂಕೂರಿನ ಕಡೆ ಗುರುತಿಸಿ ಬರೆದದ್ದು 1960ರಲ್ಲಿ. ಕತ್ತಲೆಕಾನಿನ ಹೆಸರನ್ನೇ ಹೊತ್ತ ಒಂದು ಮರದ ಜಾತಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್, ಲೋಕಕ್ಕೆ ಗೊತ್ತಾದದ್ದು 2000ದಲ್ಲಿ. 2011ರಲ್ಲಿ ಸಿಂಗಳೀಕಗಳಿಗಾಗಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಣೆಯಾದಾಗ ನಾನಿನ್ನೂ ಹೈಸ್ಕೂಲು.

ನನ್ನ ಪ್ರಶ್ನೆ ಸಣ್ಣದು. ಹಳೆಯ ಮರಗಳು ನಿಂತಿವೆ, ಸರಿ. ಅವುಗಳ ಕೆಳಗೆ ಸಸಿ ಏಳುತ್ತಿವೆಯೇ? ರಾಮಪತ್ರೆ ಜಾತಿಯ ಬೀಜ ಒಣಗಿದರೆ ಮುಗಿಯಿತು, ಮತ್ತೆ ಮೊಳೆಯುವುದಿಲ್ಲ. ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುವ ಮಾತೇ ಇಲ್ಲ. ಬೀಜಕ್ಕೆ ಸುತ್ತಿದ ಕೆಂಪು ಪತ್ರೆಯ ಆಸೆಗೆ ಮಂಗಟ್ಟೆ ಹಕ್ಕಿಗಳು ಬೀಜ ನುಂಗಿ ದೂರ ಒಯ್ದು ಉಗುಳುತ್ತವೆ. ನೆಲಕ್ಕೆ ಬಿದ್ದದ್ದನ್ನು ಏಡಿಗಳು ಎಳೆದುಕೊಂಡು ಹೋಗುತ್ತವೆ.

ಈ ಏಡಿಯ ವಿಷಯವನ್ನು ನಾನು ಮೊದಲು ಕೇಳಿದ್ದು ಕಾಡಿನ ಕೆಲಸದಲ್ಲಿ ಜೊತೆಯಾಗಿದ್ದ ನಮ್ಮ ಫೀಲ್ಡಿನ ಅಣ್ಣನ ಬಾಯಲ್ಲಿ. ಅದರ ಮೇಲೆ ಸಂಶೋಧನಾ ಲೇಖನ ಇದೆ ಅಂತ ಗೊತ್ತಾದದ್ದು ಆಮೇಲೆ. ಅಣ್ಣ, ಬಿಲದ ಬಾಯಿ ನೋಡಿ ಏಡಿ ಒಳಗಿದೆಯೋ ಇಲ್ಲವೋ ಹೇಳುವ ನಿಮ್ಮ ಕಣ್ಣು ನನಗೆ ಇನ್ನೂ ಬಂದಿಲ್ಲ. ಉಂಬಳಕ್ಕೆ ಸುಣ್ಣ ಹಚ್ಚಿಕೊಟ್ಟದ್ದಕ್ಕೂ, ಮಳೆಯಲ್ಲಿ ನನ್ನ ಡೇಟಾ ಶೀಟನ್ನು ನಿಮ್ಮ ಕಂಬಳಿಯೊಳಗೆ ಇಟ್ಟುಕೊಂಡದ್ದಕ್ಕೂ ಋಣಿ.

ಅರಣ್ಯ ಇಲಾಖೆಯ ವಾಚರ್‌ಗಳಿಗೆ ನಮಸ್ಕಾರ. ಲ್ಯಾಬಿನ ಗೆಳೆಯರಿಗೆ ಒಂದು ಊಟ ಬಾಕಿ ಇದೆ, ಮರೆತಿಲ್ಲ. ನನ್ನ ಗೈಡ್ ಮೇಡಂ ಪ್ರತಿ ಅಧ್ಯಾಯದ ಅಂಚಿನಲ್ಲಿ "ಹೌದಾ? ಹೇಗೆ ಗೊತ್ತು?" ಅಂತ ಬರೆದು ವಾಪಸ್ ಕೊಡುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಈಗ ನಾನೇ ಜೂನಿಯರ್‌ಗಳಿಗೆ ಅದನ್ನೇ ಬರೆಯುತ್ತಿದ್ದೇನೆ.

ಮಧ್ಯೆ ಫೆಲೋಶಿಪ್ ತಿಂಗಳುಗಟ್ಟಲೆ ಬರಲಿಲ್ಲ. ಕಚೇರಿಯಿಂದ ಕಚೇರಿಗೆ ಕಾಗದ ತಿರುಗುತ್ತಲೇ ಇತ್ತು. ಬಿಟ್ಟುಬಿಡೋಣ ಅನ್ನಿಸಿತ್ತು. ಆಗ ಅಪ್ಪ ಒಂದು ಮಾತೂ ಕೇಳದೆ ಅಡಿಕೆ ಮಾರಿದ ದುಡ್ಡಿನಲ್ಲಿ ರೂಮಿನ ಬಾಡಿಗೆ ಕಳಿಸಿದರು. ಆಯಿ ಉಪ್ಪಿನಕಾಯಿ ಭರಣಿಯ ಜೊತೆ ಇನ್ನಷ್ಟು ಕಳಿಸಿದಳು. ಅಂದರೆ ಜಡ್ಡಿಯ ನೀರು ಕುಡಿದ ತೋಟವೇ ಜಡ್ಡಿಯ ಅಧ್ಯಯನಕ್ಕೆ ದುಡ್ಡು ಕೊಟ್ಟಿತು. ಸೆಮಿನಾರುಗಳಲ್ಲಿ "ತೋಟದವರು ನೀರು ತಿರುಗಿಸಿ ಜಡ್ಡಿ ಹಾಳು ಮಾಡಿದರು" ಅಂತ ಯಾರಾದರೂ ಒಂದೇ ವಾಕ್ಯದಲ್ಲಿ ಮುಗಿಸಿದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ನೀರು ತಿರುಗಿಸಿದ್ದು ನಿಜ. ಎಷ್ಟೋ ಜಡ್ಡಿಗಳು ಗದ್ದೆ, ತೋಟ ಆದದ್ದೂ ನಿಜ. ಆದರೆ ಉಳಿದಿರುವ ಜಡ್ಡಿಗಳನ್ನು ಆ ಜನರನ್ನು ಹೊರಗಿಟ್ಟು ಉಳಿಸುತ್ತೇವೆ ಅನ್ನುವುದು ನನಗಂತೂ ಒಪ್ಪಿಗೆಯಿಲ್ಲ.

ಮುಂದಿನ ಕೆಲಸವೂ ಅದೇ ದಾರಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಹಳ್ಳದಿಂದ ಎಷ್ಟು ನೀರು ತೆಗೆದರೆ ಸಸಿಗಳು ಬದುಕುತ್ತವೆ ಅನ್ನುವುದನ್ನು ತೋಟದವರ ಜೊತೆಗೇ ಕೂತು ಅಳೆಯಬೇಕು. ಬೀಜ ಬಿದ್ದ ಕೂಡಲೇ ಆರಿಸಿ ಊರಲ್ಲೇ ನರ್ಸರಿ ಮಾಡಬೇಕು. ಇಬ್ಬರು ತಮ್ಮ ಪೈಪಿನ ಬಾಯಿಗೆ ಅಳತೆಯ ಮೀಟರ್ ಕಟ್ಟಲು ಒಪ್ಪಿದ್ದಾರೆ. ಅದರಲ್ಲಿ ಒಬ್ಬರು ನಮ್ಮಪ್ಪ. ಒಪ್ಪಿಸಲು ಒಂದು ಬೇಸಿಗೆಯೇ ಹಿಡಿಯಿತು, ಅದು ಬೇರೆ ಮಾತು.

ತೀಸಿಸಿನ ಸಾರಾಂಶವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಡಿಕೆ ಕೊಯ್ಲು ಮುಗಿದ ಮೇಲೆ ಊರಿನ ಶಾಲೆಯಲ್ಲಿ ಓದಿ ಹೇಳುತ್ತೇನೆ. ಅಣ್ಣ, ನೀವು ಮುಂದಿನ ಸಾಲಿನಲ್ಲೇ ಕೂರಬೇಕು. ತಪ್ಪಿದ್ದರೆ ಅಲ್ಲೇ ಹೇಳಿ.