ಮಗುವಿನ ಮೂತ್ರದ ವಿಷಯ ಹೇಳಲು ಸಂಕೋಚ ಬೇಡ

ಮಾನ್ಯ ಪೋಷಕರೇ,

ನಮಸ್ಕಾರ. ಒಂದನೇ ತರಗತಿಯ ಒಬ್ಬ ಹುಡುಗ ವಾರವಿಡೀ ಬೆಳಿಗ್ಗೆ ಕಣ್ಣು ಊದಿಸಿಕೊಂಡು ಶಾಲೆಗೆ ಬರುತ್ತಿದ್ದ. ನಿದ್ದೆಗೆಟ್ಟಿರಬೇಕು ಎಂದುಕೊಂಡರು ತರಗತಿಯ ಶಿಕ್ಷಕಿ. ಅಲರ್ಜಿ ಎಂದುಕೊಂಡರು ಮನೆಯವರು. ನಾನು ಏನನ್ನೂ ಅಂದುಕೊಂಡಿರಲಿಲ್ಲ, ಏಕೆಂದರೆ ನಾನು ಗಮನಿಸಿಯೇ ಇರಲಿಲ್ಲ. ಮಧ್ಯಾಹ್ನಕ್ಕೆ ಕಣ್ಣಿನ ಊತ ಇಳಿಯುತ್ತದೆ, ಸಂಜೆ ಕಾಲುಚೀಲ ಬಿಚ್ಚಿದರೆ ಅದರ ಗೆರೆ ಕಾಲಿನಲ್ಲಿ ಆಳವಾಗಿ ಕುಳಿತಿರುತ್ತದೆ ಎಂದು ಎರಡನ್ನೂ ಜೋಡಿಸಿ ಹೇಳಿದವರು ನಮ್ಮ ಆಯಾ. ಮೂತ್ರ ಪರೀಕ್ಷೆ ಮಾಡಿಸಿದಾಗ ನೆಫ್ರೋಟಿಕ್ ಸಿಂಡ್ರೋಮ್ ಎಂದು ತಿಳಿಯಿತು. ಹುಡುಗ ಈಗ ಗೆಲುವಾಗಿದ್ದಾನೆ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು 2ರಿಂದ 6 ವರ್ಷದೊಳಗಿನವರಲ್ಲಿ. ಮೂತ್ರಪಿಂಡದ ಸೋಸುವ ಜಾಲರಿ ಸಡಿಲಗೊಂಡು ರಕ್ತದಲ್ಲಿರಬೇಕಾದ ಪ್ರೋಟೀನ್ ಮೂತ್ರದ ಜೊತೆ ಸೋರಿಹೋಗುತ್ತದೆ. ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ. ಆ ನೀರು ರಾತ್ರಿ ಮಲಗಿದಾಗ ಕಣ್ಣಿನ ಸುತ್ತ ಸೇರುತ್ತದೆ, ಹಗಲು ಓಡಾಡಿದಾಗ ಕಾಲಿಗೆ ಇಳಿಯುತ್ತದೆ. ಮೂತ್ರದಲ್ಲಿ ನೊರೆ ಎದ್ದು ಬೇಗ ಆರದೆ ನಿಲ್ಲುತ್ತದೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಬಹುಪಾಲು ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ ಸೋರಿಕೆ ನಿಲ್ಲುತ್ತದೆ. ಆದರೆ ಶೀತ, ಜ್ವರ ಬಂದಾಗ ಮರುಕಳಿಸುವುದು ಸಾಮಾನ್ಯ. ಆದ್ದರಿಂದಲೇ ಮನೆಯಲ್ಲಿ ಬೆಳಗಿನ ಮೂತ್ರಕ್ಕೆ ಪರೀಕ್ಷಾ ಪಟ್ಟಿ ಅದ್ದಿ ನೋಡಿ, ಬಂದದ್ದನ್ನು ಪುಸ್ತಕದಲ್ಲಿ ಬರೆದಿಡಲು ವೈದ್ಯರು ಹೇಳುತ್ತಾರೆ.

ಊತ ಇಳಿಯಿತೆಂದು ಈ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವಾರಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡ್ ಅನ್ನು ಹಠಾತ್ತನೆ ಬಿಟ್ಟರೆ ಅಪಾಯವಿದೆ. ಮಾತ್ರೆಯಿಂದ ಮುಖ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ಮಗು ಸಣ್ಣದಕ್ಕೂ ಸಿಡುಕುತ್ತದೆ. ತರಗತಿಯಲ್ಲಿ ಯಾರೂ ಅವನನ್ನು ಆಡಿಕೊಳ್ಳದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ನಿಮ್ಮಿಂದಲೂ ಒಂದು ಸಹಾಯ ಬೇಕು: ನಿಮ್ಮ ಮಗುವಿಗೆ ಸೀತಾಳೆ ಸಿಡುಬು ಅಥವಾ ದಡಾರ ಬಂದರೆ ಅದೇ ದಿನ ತಿಳಿಸಿ. ಸ್ಟೀರಾಯ್ಡ್ ತೆಗೆದುಕೊಳ್ಳುವ ಮಗುವಿಗೆ ಅದು ತಗುಲಿದರೆ ವಿಕೋಪಕ್ಕೆ ಹೋಗಬಹುದು.

ಇನ್ನು ನಮ್ಮ ತಪ್ಪು. ಪಾಠದ ನಡುವೆ ‘ಒಂದಕ್ಕೆ’ ಬಿಡುವುದಿಲ್ಲ ಎಂಬ ಹಳೆಯ ನಿಯಮವೊಂದಿತ್ತು. ಶಿಸ್ತಿನ ಹೆಸರಿನಲ್ಲಿ ನಾನೇ ಅದನ್ನು ಬಿಗಿಗೊಳಿಸಿದ್ದೆ. ಮೂತ್ರ ಕಟ್ಟಿಕೊಂಡು ಕುಳಿತುಕೊಳ್ಳುವ ಮಕ್ಕಳಿಗೆ, ಮಲಬದ್ಧತೆಯೂ ಇದ್ದರಂತೂ, ಮೂತ್ರನಾಳದ ಸೋಂಕು ಮರಳಿ ಮರಳಿ ಬರುತ್ತದೆ. ಅದು ಮೂತ್ರಪಿಂಡಕ್ಕೆ ಏರಿದರೆ ಅಲ್ಲಿ ಶಾಶ್ವತವಾದ ಗಾಯದ ಕಲೆ ಉಳಿಯಬಹುದು. ಆ ನಿಯಮವನ್ನು ಇಂದಿನಿಂದ ರದ್ದು ಮಾಡಿದ್ದೇನೆ. ಪುಟ್ಟ ಮಗುವಿಗೆ ಕೆಮ್ಮು, ನೆಗಡಿ ಏನೂ ಇಲ್ಲದೆ ಜ್ವರ ಬಂದರೆ ಮೂತ್ರ ಪರೀಕ್ಷೆಯ ಮಾತನ್ನು ನೀವೇ ವೈದ್ಯರ ಮುಂದೆ ಎತ್ತಿ. ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ಕಲ್ಚರ್‌ಗೆ ಮಾದರಿ ಕೊಟ್ಟರೆ ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ತಿಳಿಯುತ್ತದೆ. ಗಂಟಲು ನೋವು ವಾಸಿಯಾದ ಒಂದೆರಡು ವಾರಕ್ಕೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಒಂದು ದಿನವೂ ಕಾಯಬೇಡಿ, ರಕ್ತದೊತ್ತಡ ಏರಿರಬಹುದು.

ವಾಂತಿ, ಭೇದಿಯಾದಾಗ ಹೋಗುವುದು ಬರೀ ನೀರಲ್ಲ. ಸೋಡಿಯಂ, ಪೊಟ್ಯಾಸಿಯಂ ಕೂಡ ಹೋಗುತ್ತವೆ. ಬರೀ ನೀರನ್ನೇ ಕುಡಿಸುತ್ತ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಮಗುವಿಗೆ ಮಂಪರು, ಫಿಟ್ಸ್ ಬರಬಹುದು. ಹಾಗೆಂದು ಓಆರ್‌ಎಸ್ ಪುಡಿಯನ್ನು ಅರ್ಧ ಲೋಟದಲ್ಲಿ ಗಟ್ಟಿಯಾಗಿ ಕಲಸಿದರೆ ಸೋಡಿಯಂ ಏರುತ್ತದೆ, ಅದೂ ಅಷ್ಟೇ ಕೆಟ್ಟದ್ದು. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಒಂದು ಲೀಟರ್‌ಗೇ ಹಾಕಿ, ಕಣ್ಣಳತೆ ಬೇಡ. ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಜ್ವರಕ್ಕೆಂದು ಐಬುಪ್ರೊಫೇನ್ ಕೊಡಬೇಡಿ, ನೀರು ಬತ್ತಿದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಮಗು ಆರೇಳು ಗಂಟೆ ಮೂತ್ರ ಮಾಡದಿದ್ದರೆ, ಕೈಕಾಲು ಸೋತಂತಾದರೆ, ಭೇದಿಯಲ್ಲಿ ರಕ್ತ ಬಂದರೆ ಆಸ್ಪತ್ರೆಗೆ ಹೋಗಿ. ಅಲ್ಲಿ ಸೋಡಿಯಂ 135ರಿಂದ 145ರ ಒಳಗಿದೆಯೇ ಎಂದು ನೋಡುತ್ತಾರೆ. ಏರುಪೇರಾಗಿದ್ದರೆ ನಿಧಾನವಾಗಿ, ಒಂದೆರಡು ದಿನ ತೆಗೆದುಕೊಂಡೇ ಸರಿಪಡಿಸುತ್ತಾರೆ. ‘ಬೇಗ ಡ್ರಿಪ್ ಹಾಕಿ ಕಳಿಸಿ’ ಎಂದು ಅವಸರಿಸಬೇಡಿ. ಅವಸರದಿಂದ ಮಿದುಳಿಗೆ ಹಾನಿಯಾಗಬಹುದು.

ರಕ್ತ ಪರೀಕ್ಷೆಯ ವರದಿಯನ್ನು ಮೊಬೈಲ್‌ನಲ್ಲಿ ನೋಡಿ ನೀವೇ ತೀರ್ಮಾನಕ್ಕೆ ಬರುವುದೂ ಬೇಡ. ಅದರಲ್ಲಿ ಅಚ್ಚಾದ ಮಿತಿ ಎಷ್ಟೋ ಬಾರಿ ದೊಡ್ಡವರದ್ದು. ಮೂತ್ರಪಿಂಡ ಸೋಸಿ ಹೊರಹಾಕುವ ಕಶ್ಮಲವಾದ ಕ್ರಿಯೇಟಿನಿನ್ ರಕ್ತದಲ್ಲಿ 0.9 ಎಂದರೆ ದೊಡ್ಡವರಿಗೆ ಸರಿ. ಐದು ವರ್ಷದ ಮಗುವಿಗೆ ಅದು ಹೆಚ್ಚು. ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬುದನ್ನು ವೈದ್ಯರು ಮಗುವಿನ ಎತ್ತರವನ್ನೂ ಅಳೆದು ಲೆಕ್ಕ ಹಾಕುತ್ತಾರೆ.

ಈ ಪತ್ರದ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಮಗುವಿಗೆ ಮೂತ್ರಪಿಂಡದ ತೊಂದರೆ ಇದ್ದರೆ, ಮಾತ್ರೆ ಇದ್ದರೆ, ನೀರು ಇಷ್ಟೇ ಕುಡಿಯಬೇಕೆಂಬ ಕಟ್ಟುಪಾಡಿದ್ದರೆ ಬರೆದು ಕಳುಹಿಸಿ. ಬರೆಯಲು ಇಷ್ಟವಿಲ್ಲದಿದ್ದರೆ ಗೇಟಿನ ಬಳಿ ಆಯಾ ಅವರಿಗೆ ಹೇಳಿದರೂ ಸಾಕು. ಇಂಥದ್ದನ್ನು ನನಗಿಂತ ಮೊದಲು ಗಮನಿಸುವವರು ಅವರೇ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ